ಎಲ್ಲೂ ಕಾಣದ ಏಳು

ಗೂಡಲೂರು ಬಸ್‌ಸ್ಟ್ಯಾಂಡಿನ ಹಿಂದೆ ನನ್ನದೊಂದು ಜೆರಾಕ್ಸ್ ಅಂಗಡಿ. ಪಟ್ಟಾ, ರೇಷನ್ ಕಾರ್ಡು, ಪಿಂಚಣಿ, ಪಾಸ್‌ಪೋರ್ಟು, ಯಾವ ಅರ್ಜಿಯೇ ಇರಲಿ, ಇಪ್ಪತ್ತು ವರ್ಷದಿಂದ ಊರಿಗೆಲ್ಲ ತುಂಬಿಕೊಟ್ಟಿದ್ದೇನೆ. ಗೊತ್ತಿಲ್ಲ ಅಂತ ಯಾರನ್ನೂ ವಾಪಸು ಕಳಿಸಿದವನಲ್ಲ. ಆ ಜಂಬವೇ ನನ್ನನ್ನು ಕೆಡಿಸಿತು, ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ನನ್ನ ಅಕ್ಕನ ಮಗಳು ಊಟಿಯ ಒಂದು ಆಸ್ಪತ್ರೆಯಲ್ಲಿ ನರ್ಸು. ಕೆನಡಾಕ್ಕೆ ಹೋಗಬೇಕು ಅಂತ ಹಟ. ಫ್ರೆಂಚ್ ಬಂದರೆ ದಾರಿ ಸುಲಭ ಅಂತ ಯಾರೋ ಹೇಳಿದ್ದಕ್ಕೆ ಒಂದೂವರೆ ವರ್ಷ ಡ್ಯೂಟಿ ಮುಗಿಸಿ ಬಂದು ಫೋನು ಕಿವಿಗಿಟ್ಟುಕೊಂಡು ಕಲಿತಳು. ಚಪಾತಿ ಲಟ್ಟಿಸುವಾಗಲೂ ಅದೇ ಮೂಗಿನ ಮಾತು. ಕೊನೆಗೆ ಕೆನಡಾದವರು ಕೇಳುವ ಫ್ರೆಂಚ್ ಪರೀಕ್ಷೆಯನ್ನೂ ಬರೆದು ಬಂದಳು. ಅಷ್ಟರಲ್ಲಿ ಕೊಯಮತ್ತೂರಿನ ಆಸ್ಪತ್ರೆಯೊಂದು ಕರೆಯಿತು. ಮೂರು ವರ್ಷದ ಕರಾರು, ಅಲ್ಲಿಯತನಕ ಒರಿಜಿನಲ್ ಸರ್ಟಿಫಿಕೇಟುಗಳೆಲ್ಲ ಅವರ ಬೀರುವಿನಲ್ಲಿ. ಸೋಮವಾರ ಹೋಗಿ ಸಹಿ ಹಾಕಬೇಕು. ಪರೀಕ್ಷೆ ಪಾಸಾಗಿದ್ದರೆ ಕೆನಡಾ, ಆಗದಿದ್ದರೆ ಕೊಯಮತ್ತೂರು ಅಂತ ತೀರ್ಮಾನ ಮಾಡಿಕೊಂಡಿದ್ದಳು.

ಶನಿವಾರ ಫಲಿತಾಂಶ ಬಂತು. ತಾಯಿ ಮಗಳು ಇಬ್ಬರೂ ಅಂಗಡಿಗೆ ಬಂದರು. ಅಕ್ಕ ಎಲೆ ತೂಕಕ್ಕೆ ಹಾಕಿ ನೇರ ಬಂದಿದ್ದಳು. ಎರಡೆಕರೆ ಟೀ ಅವಳದು. ಪ್ರಿಂಟ್ ತೆಗೆದೆ. ಕೇಳುವುದರಲ್ಲಿ 472, ಓದುವುದರಲ್ಲಿ 466, ಬರೆಯುವುದರಲ್ಲಿ 10, ಮಾತಾಡುವುದರಲ್ಲಿ 11.

ಇದೆಂಥ ಮಾರ್ಕ್‌ಶೀಟಪ್ಪ! ಮೊದಲೆರಡು 699ಕ್ಕಂತೆ, ಉಳಿದೆರಡು ಇಪ್ಪತ್ತಕ್ಕಂತೆ. ನಾಲ್ಕರಲ್ಲೂ ಏಳನೇ ಹಂತ ಬೇಕು ಅನ್ನುವುದೊಂದೇ ಹುಡುಗಿಗೆ ಗೊತ್ತಿದ್ದದ್ದು. ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದೆ, ಹಂತ ಏಳು ಅಂತ ಎಲ್ಲೂ ಇಲ್ಲ. ಕನ್ನಡಕ ಒರೆಸಿಕೊಂಡು ನೋಡಿದರೂ ಇಲ್ಲ.

"ಮಾವ, ನೀವೇ ಹೇಳಿ, ನಂಗೆ ತಲೆ ಓಡ್ತಿಲ್ಲ" ಅಂದಳು.

ನಮ್ಮಲ್ಲಿ ಮಕ್ಕಳ ಪ್ಲಸ್ ಟೂ ಫಲಿತಾಂಶ ಬಂದರೆ ಇಡೀ ಬೀದಿ ಕೇಳುವುದು ಒಂದೇ, ಟೋಟಲ್ ಎಷ್ಟು? ನಾನೂ ಅದನ್ನೇ ಮಾಡಿದೆ. ನಾಲ್ಕನ್ನೂ ಕೂಡಿದೆ, 959. ಒಟ್ಟು 1438ಕ್ಕೆ. ಶೇಕಡಾ ಅರವತ್ತಾರು ಚಿಲ್ಲರೆ. ಹತ್ತಕ್ಕೆ ಆರೂವರೆ ದಾಟಿದೆ, ಏಳು ಮುಟ್ಟಿಲ್ಲ. ಸಾಲದ್ದಕ್ಕೆ ಬರೆಯುವುದರಲ್ಲಿ ಇಪ್ಪತ್ತಕ್ಕೆ ಬರೀ ಹತ್ತು.

ಅಕ್ಕ ಮಾತ್ರ ಒಪ್ಪಲಿಲ್ಲ. "ನಾಕು ಮೂಟೆ ಎಲೆ ಕೊಟ್ರೆ ಎಲ್ಲ ಒಂದೇ ರಾಶಿ ಸುರಿದು ನೋಡ್ತಾರೇನೋ? ಒಂದೊಂದು ಮೂಟೆಗೂ ಕೈ ಹಾಕಿ ಬೇರೆ ಬೇರೆ ನೋಡ್ತಾರೆ. ನೀ ಯಾಕೆ ಕೂಡ್ತೀಯ?"

ಟೀ ಎಲೆಗೂ ಫ್ರೆಂಚಿಗೂ ಎಲ್ಲಿಯ ಸಂಬಂಧ ಅಂತ ಅವಳ ಮೇಲೆ ರೇಗಿದೆ. ಹುಡುಗಿಯ ಕಡೆ ತಿರುಗಿ ಹೇಳಿದೆ, "ಆಗಿಲ್ಲ ಕಣಮ್ಮ. ಕೊಯಮತ್ತೂರಿಗೆ ಹೋಗು." ಅವಳು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಪರ್ಸಿಗೆ ಹಾಕಿಕೊಂಡಳು. ಅಳಲಿಲ್ಲ. ನನಗೆ ಕಾಫಿ ತರಿಸಿ ಕೊಟ್ಟು ಹೋದಳು.

ಸೋಮವಾರ ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿ ಕಡಿಮೆ. ಇನ್ನೊಂದು ಸಲ ಬರೆದರೆ ಎಷ್ಟು ಹೆಚ್ಚು ಬೇಕಾದೀತು, ನೋಡಿಟ್ಟಿರೋಣ ಅಂತ ಕೆನಡಾ ಸರ್ಕಾರದ ಪುಟ ತೆರೆದೆ. ಅಲ್ಲೊಂದು ಪಟ್ಟಿ. ಕೇಳುವುದಕ್ಕೊಂದು ಕಾಲಂ, ಓದುವುದಕ್ಕೊಂದು, ಬರೆಯುವುದಕ್ಕೊಂದು, ಮಾತಿಗೊಂದು. ಕೂಡುವ ಮಾತೇ ಇಲ್ಲ. ಏಳರ ಸಾಲಿನ ಮೇಲೆ ಬೆರಳಿಟ್ಟು ಹೋದೆ. ಕೇಳುವುದು 458ರಿಂದ 502. ಓದುವುದು 453ರಿಂದ 498. ಬರೆಯುವುದು, ಮಾತಾಡುವುದು, ಎರಡಕ್ಕೂ 10ರಿಂದ 11.

ನಂಬಿಕೆ ಬರಲಿಲ್ಲ. ಯಾವುದೋ ಬೇರೆ ಪರೀಕ್ಷೆಯ ಪಟ್ಟಿಯಿರಬೇಕು ಅಂತ ಮೇಲಿನ ಹೆಸರು ನೋಡಿದೆ. ಅದೇ ಪರೀಕ್ಷೆ. ಮತ್ತೆ ನೋಡಿದೆ. ಇಪ್ಪತ್ತಕ್ಕೆ ಹತ್ತು ಬಂದರೆ ಹೇಗಪ್ಪಾ ಏಳಾಗುತ್ತದೆ, 472 ಬಂದರೂ ಅದೇ ಏಳು ಹೇಗೆ? ಇವತ್ತಿಗೂ ನನಗೆ ಆ ಲೆಕ್ಕ ಪೂರ್ತಿ ಅರ್ಥವಾಗಿಲ್ಲ. ಆದರೆ ಹುಡುಗಿ ನಾಲ್ಕರಲ್ಲೂ ಪಾಸಾಗಿದ್ದಳು, ಅದಷ್ಟು ಅರ್ಥವಾಯಿತು. ಫೋನು ಮಾಡಿದೆ.

"ಸಹಿ ಹಾಕಿ ಆಯ್ತು ಮಾವ. ಒರಿಜಿನಲ್ಸೂ ಕೊಟ್ಟೆ. ಈಗ ಹಾಸ್ಟೆಲ್ ತೋರಿಸ್ತಿದಾರೆ."

ಹೇಳದೆ ಇರಬಹುದಿತ್ತು. ಹೇಳಿದೆ. ಆ ಕಡೆ ಯಾರೋ ತಮಿಳಿನಲ್ಲಿ ರೂಮಿನ ಬೀಗದ ಕೈ ಬಗ್ಗೆ ಮಾತಾಡುತ್ತಿದ್ದದ್ದು ಕೇಳಿಸಿತು. ಆಮೇಲೆ ಅವಳು ಮೆಲ್ಲಗೆ ಕೇಳಿದಳು, ಆ ಫಲಿತಾಂಶ ಎಷ್ಟು ವರ್ಷ ನಡೆಯುತ್ತದೆ ಅಂತ.

"ಎರಡು" ಅಂದೆ.

"ಹೋಗ್ಲಿ ಬಿಡಿ ಮಾವ. ನೀವು ಊಟ ಮಾಡಿದ್ರಾ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅಂಗಡಿಯ ಬಾಗಿಲೆಳೆದು ಅಕ್ಕನನ್ನು ಹುಡುಕಿಕೊಂಡು ಎಲೆ ತೂಗುವ ಶೆಡ್ಡಿಗೆ ಹೋದೆ. ಅಲ್ಲಿ ಎಲೆ ಕೊಳ್ಳುವ ಏಜೆಂಟು ಅವಳ ಮೂಟೆಗಳಿಗೆ ಒಂದೊಂದಾಗಿ ಮೊಣಕೈತನಕ ಕೈ ಇಳಿಸಿ, ಅಡಿಯಿಂದ ಒಂದೊಂದು ಹಿಡಿ ಎಲೆ ತೆಗೆದು ನೋಡುತ್ತಿದ್ದ. ಅಕ್ಕ ನನ್ನ ಮುಖ ನೋಡಿದಳು.

"ಏನೋ, ಮತ್ತೆ ನೋಡಿದ್ಯಾ? ಏಳು ಬಂದಿದೆಯಾ ಅವಳಿಗೆ?"

"ಬಂದಿತ್ತು ಅಕ್ಕ" ಅಂದೆ.