ಹೊಗೆ ಕೊಳವೆಯಲ್ಲಿ ಉಳಿದ ಅರಿವೆ

ಮುಂಡಗೋಡದ ಹುಬ್ಬಳ್ಳಿ ರಸ್ತೆಯಲ್ಲಿ ಗಾಡಿಗಳಿಗೆ ಬಾಡಿ ಕಟ್ಟುವ ಅಂಕುಶ ಸಿದ್ದಿಗೆ ಒಂದು ಹೆಮ್ಮೆಯಿತ್ತು. ಅವನ ಕೈ ದಾಟಿದ ಕೆಲಸ ಎಂದೂ ತಿರುಗಿ ಬಂದಿರಲಿಲ್ಲ. ಹೆಮ್ಮೆ ಇರಲಿ, ಅದರಲ್ಲಿ ತಪ್ಪಿಲ್ಲ. ಆದರೆ ಕೇಳಿದವರಿಗೂ ಕೇಳದವರಿಗೂ ಅದನ್ನು ಹೇಳುವ ಚಟವೂ ಇತ್ತು. ಚಿಗಳ್ಳಿಯಿಂದ ಹೋಗಿ ಹುಬ್ಬಳ್ಳಿಯ ಗ್ಯಾರೇಜುಗಳಲ್ಲಿ ವೆಲ್ಡಿಂಗ್ ಕಲಿತವನು. ಅಲ್ಲಿ ಅವನ ಗುಂಗುರು ಕೂದಲು ನೋಡಿ ಯಾವ ದೇಶದವನಪ್ಪಾ ಎಂದು ಕೇಳಿದವರಿಗೆಲ್ಲ ಕೆಲಸದಲ್ಲೇ ಉತ್ತರ ಕೊಟ್ಟಿದ್ದ. ಅದಕ್ಕೇ ಇರಬೇಕು, ಗೊತ್ತಿಲ್ಲ ಎಂಬ ಮಾತು ಅವನ ಬಾಯಿಂದ ಹೊರಡುತ್ತಲೇ ಇರಲಿಲ್ಲ.

ಹೀಗಿರುವಾಗ ದಾಂಡೇಲಿಯಿಂದ ನಿವೃತ್ತ ಮಾಸ್ತರರಾದ ಮಹಾಬಳೇಶ್ವರ ಮತ್ತು ಅವರ ಹೆಂಡತಿ ನಿರ್ಮಲಾ ತಮ್ಮ ಪಿಕಪ್ ತಂದು ಅವನ ಅಂಗಡಿ ಮುಂದೆ ನಿಲ್ಲಿಸಿದರು. ಹಿಂದಿನ ತೊಟ್ಟಿಯ ಮೇಲೆ ಅವನೇ ಕಟ್ಟಿಕೊಟ್ಟ ಪುಟ್ಟ ಮನೆ ಇತ್ತು. ಒಂದು ಹಾಸಿಗೆ, ಒಂದು ಕಪಾಟು, ಒಂದು ಕಿಟಕಿ. ನಿರ್ಮಲಾ ಅವರಿಗೆ ಜೀವನದಲ್ಲಿ ಒಮ್ಮೆ ಹಿಮ ನೋಡಬೇಕಾಗಿತ್ತು. ಮನಾಲಿಯ ಆಚೆ ಗಾಡಿಯಲ್ಲೇ ಮಲಗುವುದೆಂದರೆ ಚಳಿಗೆ ಏನಾದರೂ ಬೇಕಲ್ಲ, ಡೀಸೆಲ್ ಸುಟ್ಟು ಬಿಸಿಗಾಳಿ ಊದುವ ಹೀಟರೊಂದನ್ನು ಪಾರ್ಸೆಲ್ಲಿನಲ್ಲಿ ತರಿಸಿದ್ದರು.

"ಇಂಥಾದ್ದು ಮೊದಲ ಎಲ್ಲೆರ ಕೂಡ್ರಿಸೀರೇನು?" ಎಂದು ನಿರ್ಮಲಾ ಕೇಳಿದರು.

"ರಗಡ ಕೂಡ್ರಿಸೇನ್ರಿ ಅಕ್ಕಾರ," ಎಂದ ಅಂಕುಶ.

ಶುದ್ಧ ಸುಳ್ಳು. ಮುಂಡಗೋಡದ ಸೆಕೆಯಲ್ಲಿ ಗಾಡಿಗೆ ಫ್ಯಾನು ಕೇಳುವವರಿದ್ದಾರೆ, ಒಲೆ ಕೇಳುವವರು ಯಾರು? ಮಾಸ್ತರರು ಡಬ್ಬಿಯೊಳಗಿದ್ದ ಇಂಗ್ಲಿಷ್ ಪುಸ್ತಿಕೆ ತೆಗೆದು ಓದಲು ಕನ್ನಡಕ ಹುಡುಕತೊಡಗಿದರು. ಅಂಕುಶ ಅದನ್ನು ಅವರ ಕೈಯಿಂದ ಮೆಲ್ಲಗೆ ತೆಗೆದುಕೊಂಡ.

"ಇದೆಲ್ಲಾ ಯಾಕ್ರಿ ಸಾಹೇಬ್ರ? ಹಚ್ಚೂ ಮುಂದ ನನಗೊಂದು ಫೋನ್ ಮಾಡ್ರಿ, ಹೇಳ್ತೇನಿ. ನನ್ನ ಕೇಳದ ಮಾತ್ರ ಹಚ್ಚಬ್ಯಾಡ್ರಿ."

ಪುಸ್ತಿಕೆಯನ್ನು ನಾಲ್ಕು ಮಡಿಕೆ ಮಾಡಿ, ಅಲುಗಾಡುತ್ತಿದ್ದ ಡ್ರಿಲ್ಲಿಂಗ್ ಮಷಿನ್ನಿನ ಕಾಲಿಗೆ ಒತ್ತು ಕೊಟ್ಟ.

ಕೆಲಸವನ್ನೇನೋ ಚೆಂದವೇ ಮಾಡಿದ. ಹಾಸಿಗೆಯ ಕೆಳಗೆ ಹೀಟರ್ ಕೂಡಿಸಿ, ನೆಲಕ್ಕೆ ತೂತು ಕೊರೆದು, ಹೊಗೆ ಹೋಗುವ ಕೊಳವೆಯನ್ನು ಗಾಡಿಯ ಅಡಿಯಿಂದ ಹಿಂದಿನ ಗಾಲಿಯ ಪಕ್ಕಕ್ಕೆ ಹೊರಡಿಸಿದ. ಒಬ್ಬನೇ ಇದ್ದಾಗ ಒಳಗೆ ಕುಳಿತು ಕೈಗೆ ಸಿಕ್ಕ ಬಟನ್ನುಗಳನ್ನೆಲ್ಲ ಒತ್ತಿದ. ಯಾವುದೋ ಒಂದಕ್ಕೆ ಅದು ಗುರ್ರೆಂದು ಹತ್ತಿಕೊಂಡಿತು. ಮೇ ತಿಂಗಳ ಬಿಸಿಲಿಗೆ ಆ ಬಿಸಿಗಾಳಿಯೂ ಸೇರಿ ಬೆವರು ಇಳಿಸುತ್ತ ಹೊರಬಂದವನಿಗೆ ಖುಷಿಯೋ ಖುಷಿ. ಯಾವ ಬಟನ್ನಿಗೆ ಹತ್ತಿತೆಂದು ಮಾತ್ರ ತಿಳಿಯಲಿಲ್ಲ. ಮುಂದೆ ನೋಡಿಕೊಂಡರಾಯಿತು ಎಂದುಕೊಂಡ.

ಇಲ್ಲಿ ಕುಂಬಾರ ಹುಳಗಳ ಕಾಟ ಬಹಳ. ಬಾಯಿ ತೆರೆದ ಕೊಳವೆ ಕಂಡರೆ ಸಾಕು, ನೀವು ಊಟ ಮಾಡಿ ಬರುವಷ್ಟರಲ್ಲಿ ಮಣ್ಣು ತಂದು ಮೆತ್ತಿ ಮನೆ ಮಾಡಿರುತ್ತವೆ. ಹಾಗಾಗಿ ಆ ಸಾಲಿನ ಗ್ಯಾರೇಜಿನವರೆಲ್ಲ ಕೊಳವೆಯ ಬಾಯಿಗೆ ಅರಿವೆ ತುರುಕಿ, ಮರೆಯಬಾರದೆಂದು ಅದರ ಬಾಲವನ್ನು ಹೊರಗೆ ಜೋತುಬಿಡುತ್ತಾರೆ. ಗಾಡಿ ಹೊರಡುವಾಗ ಬಾಲ ಹಿಡಿದು ಎಳೆದರೆ ಆಯಿತು. ಹೀಟರ್ ಹಚ್ಚಿ ನೋಡಿದ ಮೇಲೆ ಅಂಕುಶನೂ ಹೆಂಡತಿ ಸುಮನಳ ಹಳೆಯ ಕೆಂಪು ಸೀರೆಯ ತುಂಡನ್ನು ತುರುಕಿದ್ದ.

ಹೊರಡುವ ದಿನ ಗಾಲಿಯ ಕೆಳಗೆ ಲಿಂಬೆಹಣ್ಣು ಇಟ್ಟು, ಹೂ ಏರಿಸಿ, ಪೂಜೆ ಮಾಡಿ ಫೋಟೋಕ್ಕೆ ನಿಂತರು. ಗಾಲಿಯ ಪಕ್ಕ ಕೆಂಪು ಬಾಲ ಜೋತಾಡುತ್ತಿತ್ತು. ತನ್ನ ಕೆಲಸದ ಫೋಟೋದಲ್ಲಿ ಚಿಂದಿ ಕಾಣುವುದೇ? ಅಂಕುಶ ಬಗ್ಗಿ ಹೆಬ್ಬೆರಳಿನಿಂದ ಬಾಲವನ್ನು ಒಳಗೆ ಒತ್ತಿದ. ಫೋಟೋ ಆಯಿತು. ಲಿಂಬೆಹಣ್ಣು ಅಪ್ಪಚ್ಚಿಯಾಯಿತು. ಗಾಡಿ ಹೊರಟಿತು. ಫೋಟೋವನ್ನು ಅವನು ಅಂದೇ ಫೋನಿನ ಸ್ಟೇಟಸ್ಸಿಗೆ ಏರಿಸಿದ.

ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ನಿರ್ಮಲಾ ಫೋನ್ ಮಾಡಿದರು. ಹೆಸರು ನೋಡಿದ ಕೂಡಲೇ ಅಂಕುಶನಿಗೆ ಗೊತ್ತಾಯಿತು, ಹಚ್ಚುವುದು ಹೇಗೆಂದು ಕೇಳುತ್ತಾರೆ. ಅವನು ವೆಲ್ಡಿಂಗ್ ಮುಂದುವರಿಸಿದ. ಫೋನ್ ಹೊಡೆದುಕೊಂಡು ಹೊಡೆದುಕೊಂಡು ಸುಮ್ಮನಾಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಬಂತು. ಆಗಲೂ ಎತ್ತಲಿಲ್ಲ.

ಮಧ್ಯಾಹ್ನ ಎದುರಿನ ಫಯಾಜನ ಚಹಾದಂಗಡಿಯಲ್ಲಿ ಅಂಕುಶನ ಜೊತೆ ನಾಲ್ಕು ಜನ ಕೂತಿದ್ದರು. ಫಯಾಜ ತನ್ನ ಫೋನಿನಲ್ಲಿ ಉಳಿಸಿಕೊಂಡಿದ್ದ ಆ ಪೂಜೆಯ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದ.

"ಅಂಕುಶಣ್ಣಾ, ಈ ಪೈಪಿನ್ಯಾಗ ಕೆಂಪಗ ಕಾಣತೈತಲ್ಲ, ಏನದು?"

ಅಂಕುಶನ ಕೈಯಲ್ಲಿದ್ದ ಚಹಾದ ಲೋಟ ಅಲ್ಲೇ ನಿಂತಿತು. ಹೆಬ್ಬೆರಳು ಅರಿವೆ ಒತ್ತಿದ್ದು ನೆನಪಾಯಿತು, ಎಳೆದದ್ದು ನೆನಪಾಗಲಿಲ್ಲ.

"ಅದಾ? ರಬ್ಬರ್ ಬುಚ್ಚ, ಪೈಪಿನ ಬಾಯಿ ಮುಚ್ಚೂದು. ಅದರ ಜೋಡೀನ ಬರತೈತಿ," ಎಂದ.

ಎಲ್ಲರೂ ತಲೆಯಾಡಿಸಿದರು. ಅವನು ಎದ್ದು ಓಡಬೇಕಾಗಿತ್ತು. ಓಡಿದರೆ ತಿಳಿದುಬಿಡುತ್ತದಲ್ಲ, ಕೂತು ಚಹಾ ಮುಗಿಸಿದ. ಇದಕ್ಕೆ ಏನೆನ್ನಬೇಕು? ಹುಬ್ಬಳ್ಳಿಯಲ್ಲಿ ಶಟರ್ ಎಳೆದು ಇಂಜಿನ್ ಚಾಲೂ ಇಟ್ಟಾಗ ಹೊಗೆಗೆ ಪ್ರಜ್ಞೆ ತಪ್ಪಿದ ಒಬ್ಬನನ್ನು ಹೆಗಲ ಮೇಲೆ ಹೊತ್ತು ಹೊರಗೆ ತಂದವನೇ ಇವನು. ಹೊರಗೆ ಹೋಗದ ಹೊಗೆ ಎಲ್ಲಿ ತುಂಬುತ್ತದೆ, ಅಲ್ಲಿ ಮಲಗಿದವರು ಏನಾಗುತ್ತಾರೆ ಎಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅಂಗಡಿಯ ಹಿಂದೆ ಹೋಗಿ ಫೋನ್ ಹಚ್ಚಿದ. ವ್ಯಾಪ್ತಿಯಲ್ಲಿಲ್ಲ ಎಂದಿತು. ಮಾಸ್ತರರದ್ದೂ ಅಷ್ಟೇ. ಸಂಜೆಯವರೆಗೂ ಹಚ್ಚಿದ, ಅದೇ ಮಾತು.

ರಾತ್ರಿ ಊಟಕ್ಕೆ ಕೂತವನು ಅನ್ನ ಕಲಸುತ್ತಲೇ ಇದ್ದ. ಸುಮನಳ ಮುಂದೆ ಎಲ್ಲ ಹೇಳಿದ.

"ಮುಂಜಾನೆ ಫೋನ್ ಯಾಕ ಎತ್ತಲಿಲ್ಲ?" ಎಂದು ಅವಳು ಕೇಳಿದಳು.

"ಏನ ಹೇಳ್ಬೇಕಂತ ಗೊತ್ತಿರಲಿಲ್ಲ."

"ಎತ್ತಿ ಅದನ್ನ ಹೇಳಬೇಕಾಗಿತ್ತು," ಎಂದು ಅವಳು ತಟ್ಟೆ ಎತ್ತಿಕೊಂಡು ಹೋದಳು. ಅವಳು ಬೈದಿದ್ದರೆ ಅವನಿಗೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ. ತಾನು ಒತ್ತಿದಂತೆ ಅವರೂ ಬಟನ್ನು ಒತ್ತಿರಬಹುದು, ಅವರಿಗೂ ಅದು ಹತ್ತಿಕೊಂಡಿರಬಹುದು ಎಂಬುದೊಂದೇ ಅವನ ತಲೆಯಲ್ಲಿ ಕೊರೆಯುತ್ತಿತ್ತು.

ಮರುದಿನ ಅಂಗಡಿಯ ಬಾಗಿಲು ತೆಗೆಯುವಾಗ ಫೋನ್ ಬಂತು. ನಿರ್ಮಲಾ.

"ಅಕ್ಕಾರ, ಅರಾಮ ಅದೀರೇನ್ರಿ?" ಎಂದು ಅವನೇ ಮೊದಲು ಕೇಳಿದ.

"ಅರಾಮ ಅದೇವಿ. ಥಂಡಿ ಅಂದ್ರ ಥಂಡಿ ನೋಡ್ರಿ. ಇದ್ದಬದ್ದ ರಗ್ಗು ಎಲ್ಲಾ ಹೊದ್ದು ಕುಂತೇ ಬೆಳಗು ಮಾಡೀವಿ. ಇವರು ಹಚ್ಚೇ ಬಿಡೂಣು ಅಂದ್ರು. ನಾನ ಬಿಡಲಿಲ್ಲ. ಅಂಕುಶ ಕೇಳದ ಹಚ್ಚಬ್ಯಾಡ್ರಿ ಅಂದಾರ, ಏನೋ ಕಾರಣ ಇರತೈತಿ ಅಂದೆ."

ಅಂಕುಶ ಬಾಗಿಲಿನ ಮೆಟ್ಟಿಲ ಮೇಲೆ ಕುಕ್ಕರಿಸಿದ. ತನ್ನ ಅಜ್ಞಾನ ಮುಚ್ಚಿಕೊಳ್ಳಲು ಆಡಿದ ಮಾತನ್ನು ಆ ಹೆಣ್ಣುಮಗಳು ನಂಬಿ, ಚಳಿಯಲ್ಲಿ ರಾತ್ರಿಯಿಡೀ ಕೂತಿದ್ದಳು.

"ಈಗ ಹೇಳ್ರಿ, ಹೆಂಗ ಹಚ್ಚೂದು?"

ರಬ್ಬರ್ ಬುಚ್ಚ ತೆಗೆಯಿರಿ ಎಂದರೆ ಮುಗಿಯುತ್ತಿತ್ತು. ಸುಳ್ಳು ತಯಾರಾಗಿಯೇ ಇತ್ತು. ಅವನಿಗೆ ತನ್ನ ಬಗ್ಗೆಯೇ ಹೇಸಿಕೆಯಾಯಿತು.

"ಹಿಂದಿನ ಗಾಲಿ ಹತ್ರ ಪೈಪಿನ್ಯಾಗ ಒಂದು ಕೆಂಪು ಅರಿವಿ ಐತ್ರಿ. ತುರುಕಿದಾಂವ ನಾನ. ತೆಗೀಲಿಕ್ಕೆ ಮರೆತೇನ್ರಿ. ನಿನ್ನೆ ನೀವು ಹಚ್ಚಿದ್ರ ಅಕ್ಕಾರ, ಹೊಗಿ ಎಲ್ಲಾ ಒಳಗ ತುಂಬತಿತ್ರಿ." ಆಮೇಲೆ ಹೇಳಿದ, "ಹಚ್ಚೂದು ಹೆಂಗಂತನೂ ನನಗ ಗೊತ್ತಿಲ್ರಿ. ಇದಕ್ಕಿಂತ ಮೊದಲ ಒಂದೂ ಕೂಡ್ರಿಸಿಲ್ಲ."

ಆಚೆ ಗಾಡಿಯ ಬಾಗಿಲು ತೆಗೆದ ಸದ್ದಾಯಿತು, ನಿರ್ಮಲಾ ಅರಿವೆ ಎಳೆಯಲು ಮಾಸ್ತರರಿಗೆ ಹೇಳಿದರು. 

"ಪುಸ್ತಕ ನಿಮ್ಮ ಹತ್ರನ ಉಳೀತಲ್ರಿ," ಎಂದರು ನಿರ್ಮಲಾ ಕೊನೆಗೆ.

ಅವನು ಡ್ರಿಲ್ಲಿಂಗ್ ಮಷಿನ್ನನ್ನು ಹೆಗಲು ಕೊಟ್ಟು ಎತ್ತಿ ಪುಸ್ತಿಕೆ ಹೊರಗೆಳೆದ. ಎಣ್ಣೆ ಹಿಡಿದಿತ್ತು, ಅಕ್ಷರ ಕಾಣುತ್ತಿದ್ದವು. ಇಂಗ್ಲಿಷ್ ಓದಲು ಅವನಿಗೆ ಬಾರದು, ಫಯಾಜನಿಗೆ ಬರುತ್ತಿತ್ತು. ಫೋನ್ ಹಿಡಿದುಕೊಂಡೇ ರಸ್ತೆ ದಾಟಿ ಫಯಾಜನ ಅಂಗಡಿಗೆ ಹೋದ. ನಿನ್ನೆಯವರೇ ಕೂತಿದ್ದರು. ಅವನು ಸ್ಪೀಕರ್ ಒತ್ತಿ ಫೋನನ್ನು ಮೇಜಿನ ಮೇಲಿಟ್ಟ.

"ಫಯಾಜ, ನಿನ್ನೆ ನೀ ನೋಡಿದ್ದು ಬುಚ್ಚ ಅಲ್ಲ. ಅರಿವಿ. ನಾ ಮರೆತಿದ್ದೆ. ಅಕ್ಕಾರು ಕೇಳಾಕತ್ತಾರ, ಇದನ್ನ ಓದಿ ಕನ್ನಡದಾಗ ಹೇಳು."

ಫಯಾಜ ಅವನ ಮುಖ ನೋಡಿದ, ಕೈ ಒರೆಸಿಕೊಂಡು ಪುಸ್ತಿಕೆ ಬಿಡಿಸಿದ. ಒಂದೊಂದೇ ಸಾಲು ಓದಿ ಹೇಳತೊಡಗಿದ. ಆಚೆಯಿಂದ ಮಾಸ್ತರರು ಹೂಂ, ಹೂಂ ಎನ್ನುತ್ತಿದ್ದರು. ಕೂತವರಲ್ಲಿ ಯಾರೂ ನಗಲಿಲ್ಲ. ನಕ್ಕಿದ್ದರೆ ಚಲೋ ಇತ್ತು ಎಂದುಕೊಂಡು ಅಂಕುಶ ತಲೆ ತಗ್ಗಿಸಿ ನಿಂತೇ ಇದ್ದ.