ಬೀಗರೂಟದಲ್ಲಿ ‘ಸಾಕು’ ಅನ್ನುವುದು

ಇವತ್ತು ಬೆಳಿಗ್ಗೆ ನಡೆದು ವಾಪಸ್ ಬರುವಾಗ ನಮ್ಮ ಬೀದಿಯ ಕೊನೆಯ ಛತ್ರದ ಹಿಂಬದಿಯಿಂದ ಕೊತ್ತಂಬರಿ ಬೀಜ, ಚಕ್ಕೆ, ಲವಂಗ ಹುರಿಯುವ ವಾಸನೆ ಬಂತು. ಮಂಡ್ಯದಲ್ಲಿ ಹುಟ್ಟಿದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಅದು ಬೀಗರೂಟದ ವಾಸನೆ. ನಮ್ಮಲ್ಲಿ ಮದುವೆಯ ಮುಹೂರ್ತ ತಪ್ಪಿಸಿಕೊಂಡವರಿಗೆ ಕ್ಷಮೆಯುಂಟು, ಅದರ ಹಿಂದೆ ಬರುವ ಬಾಡೂಟ ತಪ್ಪಿಸಿಕೊಂಡವರಿಗೆ ಇಲ್ಲ. ನನ್ನ ಕಾಲು ತಾನಾಗಿಯೇ ನಿಧಾನವಾಯಿತು. ಜೊತೆಗೆ ದುದ್ದದ ಹತ್ತಿರದ ಹಳ್ಳಿಯಲ್ಲಿರುವ ನನ್ನ ಸೋದರಮಾವ ನೆನಪಾದರು.

ಈಚೆಗೆ ಕಂಡವರೆಲ್ಲ ನನ್ನ ಹೊಟ್ಟೆಯ ಕಡೆ ನೋಡಿ, ಹೇಗೆ ಇಳಿಸಿದಿರಿ ಎಂದು ಕೇಳುತ್ತಾರೆ. ನೀವೂ ಅದನ್ನೇ ಕೇಳುವವರಾದರೆ ಸ್ವಲ್ಪ ಕೂರಿ. ಯಾವ ಪುಡಿಯ ಹೆಸರೂ ನನ್ನಲ್ಲಿಲ್ಲ. ನಾನು ಓಡಲೆಂದು ಶೂ ಕೊಂಡು ಅದನ್ನು ಹಾಕಿಕೊಂಡು ತರಕಾರಿ ತರಲು ಹೋದವನು. ಹಾಗಲಕಾಯಿ ರಸ, ಮುಂಜಾನೆಯ ಯೋಗ, ಅನ್ನಕ್ಕೆ ವಿದಾಯ, ಎಲ್ಲವನ್ನೂ ಒಂದೇ ಸೋಮವಾರ ಶುರುಮಾಡಿ ಅದೇ ವಾರ ಮುಗಿಸಿದವನು. ಇಂಥವನಿಗೆ ದಾರಿ ತೋರಿಸಿದ್ದು ಆ ಮಾವ. ಇದರಲ್ಲಿ ತಮಾಷೆಯೇನೆಂದರೆ, ನಮ್ಮ ಮೂರು ತಾಲೂಕಿನಲ್ಲಿ ಅವರಷ್ಟು ಉಣ್ಣುವವರು ಇನ್ನೊಬ್ಬರಿರಲಿಲ್ಲ.

ಬೀಗರೂಟದ ಸಾಲಿನಲ್ಲಿ ಮಾವ ಕೂತರೆಂದರೆ ಕೈ ತೊಳೆದವರೂ ನಿಂತು ನೋಡುತ್ತಿದ್ದರು. ಅವರ ಎಲೆಯ ಮೇಲೆ ಮುದ್ದೆ ನಿಲ್ಲುತ್ತಲೇ ಇರಲಿಲ್ಲ. ಕುರಿಯ ಕರುಳಿನ ಬೋಟಿ ಗೊಜ್ಜು ಬಂದರೆ ಬಡಿಸುವವನು ಮುಂದಕ್ಕೆ ಹೋಗದಂತೆ ಅವನ ಕೈಯನ್ನೇ ಹಿಡಿದುಕೊಳ್ಳುತ್ತಿದ್ದರು. ಊಟ ಹಾಕಿಸಿದ ಯಜಮಾನರ ಮುಖ ಆಗ ಅರಳುವುದನ್ನು ನೀವು ನೋಡಬೇಕಿತ್ತು. ತಾವು ಬೇಡ ಅಂದರೆ ಅಡುಗೆಗೆ ಅವಮಾನ ಎಂದು ಮಾವ ಮನಸಾರೆ ನಂಬಿದ್ದರು. ಜನರೂ ಅವರನ್ನು ಹಾಗೇ ನಂಬಿಸಿದ್ದರು.

ಒಮ್ಮೆ ಗದ್ದೆಯಲ್ಲಿ ಏನೋ ಚುಚ್ಚಿ ಎಡಗಾಲಿನ ಹೆಬ್ಬೆರಳಿಗೆ ಗಾಯವಾಯಿತು. ಅದು ಒಣಗಲೇ ಇಲ್ಲ. ಮಂಡ್ಯದ ಡಾಕ್ಟರ ಹತ್ತಿರ ಕರೆದುಕೊಂಡು ಹೋದವನು ನಾನೇ. ರಕ್ತ ಪರೀಕ್ಷೆ ಮಾಡಿಸಿದ ಡಾಕ್ಟರು ಸಕ್ಕರೆ ಕಾಯಿಲೆ ಎಂದರು. ಮಾತ್ರೆ ಕೊಟ್ಟು, ಊಟ ಹತೋಟಿಗೆ ಬರದಿದ್ದರೆ ಮೊದಲು ಬೆರಳು, ಆಮೇಲೆ ಪಾದ ತೆಗೆಯಬೇಕಾದೀತು ಎಂದು ನಿಧಾನವಾಗಿ ತಿಳಿಸಿ ಹೇಳಿದರು. ವಾಪಸ್ ಬರುವ ಬಸ್ಸಿನಲ್ಲಿ ಮಾವ ಕಿಟಕಿಯಾಚೆಯ ಗದ್ದೆಗಳನ್ನು ನೋಡುತ್ತಿದ್ದರು.

“ಕಾಲಿಲ್ದೆ ಗದ್ದೆಗೆ ನೀರು ಕಟ್ಟಕ್ಕೆ ಎಂಗ್ಲಾ ಓಗಾದು” ಎಂದರು.

ಮಾವ ಮಾಡಿದ ಮೊದಲ ಕೆಲಸ ಬೀಗರೂಟಗಳಿಗೆ ಹೋಗುವುದನ್ನೇ ಬಿಟ್ಟದ್ದು. ಮನೆಯಲ್ಲಿ ಅತ್ತೆ ಮುದ್ದೆಯನ್ನು ಸಣ್ಣದು ಮಾಡಿ, ಸೊಪ್ಪು ಕಾಳು ಹೆಚ್ಚು ಹಾಕತೊಡಗಿದರು. ಸಂಜೆ ನಾಲೆ ಏರಿಯ ಮೇಲೆ ಹತ್ತಿರದ ತೂಬಿನವರೆಗೆ ಇಬ್ಬರೂ ನಡೆದು ಬರುತ್ತಿದ್ದರು. ಎಲ್ಲ ಸರಿಹೋಗುತ್ತಿದೆ ಅನ್ನುವಾಗ ಬೆಳಕವಾಡಿಯ ನೆಂಟರೊಬ್ಬರು ಸ್ಕೂಟರಿನಲ್ಲಿ ಬಂದು ಊಟ ತುಂಬಿದ ದೊಡ್ಡ ಕ್ಯಾರಿಯರ್ ಇಳಿಸಿದರು. ಅವರ ಮನೆಯ ಊಟಕ್ಕೆ ಮಾವ ಹೋಗಿರಲಿಲ್ಲ. ತಮ್ಮ ಮನೆಯ ಅನ್ನ ಬೇಡವಾಯಿತೇ ಎಂದು ಕೇಳಿದರಂತೆ. ಮಾವ ಏನು ಮಾಡಿಯಾರು? ಕ್ಯಾರಿಯರಿನ ತಳ ಕಾಣುವವರೆಗೆ ಉಂಡರು. ಮಾರನೆಯ ದಿನ, ಹೇಗೂ ಕೆಟ್ಟಿತಲ್ಲ ಎಂದು ಹಳೆಯ ಅಳತೆಗೇ ಮರಳಿದರು. ಗಾಯದಲ್ಲಿ ಕೀವು ತುಂಬಿತು.

ನಾನು ನೋಡಲು ಹೋದಾಗ ಮಾವ ಜಗಲಿಯಲ್ಲಿ ಕಾಲು ಚಾಚಿಕೊಂಡು, ಇದೆಲ್ಲ ತಮ್ಮಿಂದಾಗುವ ಕೆಲಸವಲ್ಲ ಎಂದು ಗೊಣಗುತ್ತಿದ್ದರು. ಬಟ್ಟೆ ಕಟ್ಟುತ್ತಿದ್ದ ಅತ್ತೆ ತಲೆಯೆತ್ತದೆ ಹೇಳಿದರು: “ಒಂದೊತ್ತು ತಪ್ತು ಅಂತ ವರ್ಸವೆಲ್ಲಾ ತಪ್ಸಾಕಾಯ್ತದಾ? ತಪ್ತು, ಆಯ್ತು ಬುಡಿ. ಮುಂದಿನ ಒತ್ತಿಗೆ ಸರಿ ಮಾಡ್ಕೊಳಿ.” ಆರೋಗ್ಯದ ಬಗ್ಗೆ ನಾನು ಕೇಳಿರುವ ಉಪದೇಶಗಳಲ್ಲಿ ಇದಕ್ಕಿಂತ ಉಪಯೋಗಕ್ಕೆ ಬಂದದ್ದು ಬೇರೊಂದಿಲ್ಲ. ಮಾವ ಅಂದು ರಾತ್ರಿಯೇ ಸಣ್ಣ ಮುದ್ದೆಗೆ ಕೂತರು.

ಗಾಯ ಮಾಯುವ ಹೊತ್ತಿಗೆ ಮಳವಳ್ಳಿಯಲ್ಲಿ ತಪ್ಪಿಸಿಕೊಳ್ಳಲಾಗದ ಒಂದು ಬೀಗರೂಟ ಬಂತು. ಮಾವ ಹೆದರಿಕೊಂಡೇ ಹೊರಟರು. ಅಲ್ಲಿ ಬಡಿಸುವವರು ಕಡಿಮೆಯಿದ್ದರು. ಕೂರಿ ಎಂದು ಯಾರೋ ಕೈ ಹಿಡಿದು ಎಳೆಯುವುದಕ್ಕೂ ಮೊದಲೇ ಮಾವ ಸಾರಿನ ಬಕೆಟ್ ಎತ್ತಿಕೊಂಡುಬಿಟ್ಟರು. ಬಡಿಸುವವನಿಗೆ ಬಲವಂತ ಮಾಡುವವರಿಲ್ಲ, ನೋಡಿ. ಸಾಲಿನಿಂದ ಸಾಲಿಗೆ ಓಡಾಡಿ ಕೊನೆಯ ಪಂಕ್ತಿಗೆ ಕೂತಾಗ ಉಳಿದದ್ದು ತಿಳಿ ಸಾರು, ತಣ್ಣಗಾದ ಮುದ್ದೆ. ಊಟವೂ ಹಿತಮಿತ, ಯಜಮಾನರ ಹೆಗಲಿಗೂ ಆಸರೆ. ಆಮೇಲೆ ಎಲ್ಲ ಊರುಗಳಲ್ಲೂ ಮಾವ ಹೀಗೇ ಮಾಡಿದರು. ತಿನ್ನುವುದಕ್ಕೆ ಹೆಸರಾಗಿದ್ದವರು ಬಡಿಸುವುದಕ್ಕೆ ಹೆಸರಾದರು. ಆಸೆಯ ಜೊತೆ ಗುದ್ದಾಡುವುದಕ್ಕಿಂತ ಕೂರುವ ಜಾಗ ಬದಲಾಯಿಸುವುದು ಸುಲಭ ಎಂದು ನನಗೆ ಹೊಳೆದದ್ದು ಅವರನ್ನು ನೋಡಿಯೇ.

ಆದರೆ ಅದು ಯುಕ್ತಿ ಮಾತ್ರ. ಕಾಯಿಲೆಯ ಹೆಸರನ್ನು ಅವರು ಯಾರ ಮುಂದೆಯೂ ಎತ್ತಿರಲಿಲ್ಲ.

ಹೋದ ವರ್ಷ ಮದ್ದೂರಿನ ಬೀಗರೂಟವೊಂದರಲ್ಲಿ ಆ ಯುಕ್ತಿ ಕೈಕೊಟ್ಟಿತು. ವಯಸ್ಸಾದವರು ಬಡಿಸಬಾರದೆಂದು ಯಜಮಾನರು ಬಕೆಟ್ ಕಿತ್ತುಕೊಂಡು ಮಾವನನ್ನು ಸಾಲಿನ ನಡುವೆ ಕೂರಿಸಿದರು. ಪಕ್ಕದಲ್ಲಿ ನಾನು. ಅಷ್ಟರಲ್ಲಿ ನನ್ನ ರಕ್ತದಲ್ಲೂ ಸಕ್ಕರೆ ಕಾಣಿಸಿಕೊಂಡಿತ್ತು. ಹೆಂಡತಿಗೆ ಬಿಟ್ಟರೆ ಯಾರಿಗೂ ಹೇಳಿರಲಿಲ್ಲ. ಯಜಮಾನರು ತಾವೇ ಮುದ್ದೆಯ ತಟ್ಟೆ ಹಿಡಿದು ಬಂದರು. ಹಳೆಯ ಕಾಲದ ಆಟ ನೋಡಲು ಸುತ್ತ ಜನ ನಿಂತರು. ಮೊದಲ ಮುದ್ದೆ ಮುಗಿದಿತ್ತು, ಎರಡನೆಯದು ಎಲೆಯ ಮೇಲೆ ಇಳಿಯುತ್ತಿತ್ತು. ಮಾವ ಅಂಗೈ ಅಡ್ಡ ಹಿಡಿದರು.

“ಸಾಕು ಕಣಪ್ಪ. ನಂಗೆ ಸುಗರ್ ಐತೆ. ಕಾಲು ಉಳಿಸ್ಕೊಬೇಕು.”

ಮೆಲ್ಲಗೆ ಹೇಳಿದ್ದಲ್ಲ. ಇಡೀ ಸಾಲಿಗೆ ಕೇಳಿಸಿತು. ಯಜಮಾನರು ಮುಖ ಸಿಂಡರಿಸುತ್ತಾರೇನೋ ಎಂದು ನಾನು ಅವರನ್ನೇ ನೋಡಿದೆ. ಅವರು ತಟ್ಟೆ ಹಿಡಿದುಕೊಂಡೇ ಸ್ವಲ್ಪ ಬಾಗಿದರು. “ನಂಗೂ ಐತೆ ಕಣಣ್ಣ” ಎಂದರು.

ಅಷ್ಟೇ. ಆಕಾಶ ಕಳಚಿ ಬೀಳಲಿಲ್ಲ. ಎದುರು ಸಾಲಿನಲ್ಲಿ ಒಬ್ಬರು ಮೆತ್ತಗೆ ಎಲೆಗೆ ಕೈ ಅಡ್ಡ ಇಟ್ಟರು. ಅವರ ಪಕ್ಕದವರೂ ಇಟ್ಟರು. ತಟ್ಟೆ ನನ್ನ ಮುಂದೆ ಬಂದಾಗ ನಾನೂ ಸಾಕು ಎಂದೆ, ಕಾರಣವನ್ನೂ ಹೇಳಿದೆ. ಮಾವ ನನ್ನ ಕಡೆ ತಿರುಗಿದರು.

“ಇಷ್ಟು ದಿನ ಒಬ್ನೇ ಮನ್ಸಲ್ಲೇ ಮಡೀಕಂಡಿದ್ದೇನ್ಲಾ?”

ಆ ಮಾತಿಗೆ ನನ್ನ ಕಣ್ಣು ತುಂಬಿತು. ಸಾರು ಖಾರವಾಗಿದೆ ಎಂದು ಕಣ್ಣೊರೆಸಿಕೊಂಡೆ. ಮಾರನೆಯ ಬೆಳಿಗ್ಗೆಯಿಂದ ಅವರ ಫೋನು ಶುರುವಾಯಿತು. ಎದ್ದೆಯಾ ಎಂದು ಕೇಳುತ್ತಾರೆ, ಎದ್ದೆ ಎಂದರೆ ಇಡುತ್ತಾರೆ. ಅವರು ತಮ್ಮ ಊರಿನ ನಾಲೆ ಏರಿಯ ಮೇಲೆ, ನಾನು ಇಲ್ಲಿನ ಬೀದಿಯಲ್ಲಿ, ಇಬ್ಬರೂ ಜೊತೆಗೇ ನಡೆಯುತ್ತೇವೆ. ಕಂಡವರು ಕೇಳುವ ಪ್ರಶ್ನೆಗೆ ನನ್ನ ಬಳಿ ಇರುವ ಉತ್ತರ ಇಷ್ಟೇ.

ಇವತ್ತು ಬೆಳಿಗ್ಗೆ ಛತ್ರದ ಮುಂದೆ ನಿಂತಿದ್ದ ಪರಿಚಯದವರು ನನ್ನನ್ನು ಕಂಡು, ಮಧ್ಯಾಹ್ನ ಊಟಕ್ಕೆ ಬರಲೇಬೇಕು ಎಂದರು. ಬರುತ್ತೇನೆ ಎಂದೆ. ಹೋಗಿ ಕೂತು, ಒಂದು ಮುದ್ದೆ ಉಂಡು, ಎರಡನೆಯದಕ್ಕೆ ಸಾಕು ಅನ್ನಬೇಕು. ಕಾರಣವನ್ನೂ ಸೇರಿಸಿ, ಸ್ವಲ್ಪ ಗಟ್ಟಿಯಾಗಿಯೇ ಅನ್ನಬೇಕು. ಪಕ್ಕದ ಎಲೆಯ ಮುಂದೆ ಕೂತವರು ಕಾಯಿಲೆಯನ್ನು ಒಬ್ಬರೇ ಮಡಗಿಕೊಂಡು ಉಣ್ಣುತ್ತಿದ್ದರೆ, ಅವರಿಗೂ ಕೇಳಲಿ.