ಖಂಡೇಪೂಜೆಗೆ ತೊಳೆದ ಕೀಬೋರ್ಡು

ಮೊಮ್ಮಗಳಿಗೆ ಹೆಣ್ಣು ಕೂಸು ಹುಟ್ಟಿದೆ. ಸಂತೋಷ ನನ್ನ ಹೊಟ್ಟೆಯಲ್ಲಿ ಹಿಡಿಸುತ್ತಿಲ್ಲ. ಓಣಿಯಲ್ಲಿ ಸಿಕ್ಕವರಿಗೆಲ್ಲ ಸಕ್ಕರೆ ಹಂಚಿದೆ, ಸಿಗದವರ ಮನೆಗೇ ಹೋಗಿ ಹಂಚಿ ಬಂದೆ. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಬೆರಳು ಎಣಿಸಿದೆ. ಹತ್ತೂ ಇದ್ದವು. ಎಣಿಸಬಾರದಿತ್ತು. ಎಣಿಸಿದ ಕೂಡಲೇ ಅದರ ತಾಯಿಯ ಬಲಗೈ ನೆನಪಾಗಿ, ಹಳೆಯದೆಲ್ಲ ಎದೆಗೆ ಬಂತು. ನಾಲ್ಕನೇ ಇಯತ್ತೆ ಓದಿದವಳು ನಾನು, ತಿಳಿದಷ್ಟು ಬರೆಯುತ್ತೇನೆ.

ತೊಂಬತ್ತರ ದಶಕದ ಕೊನೆಯ ಮಾತು ಅದು. ತೆಲಸಂಗದ ನಮ್ಮ ಮನೆಯಲ್ಲಿ ಎರಡು ಎಮ್ಮೆ, ಹತ್ತು ಹನ್ನೆರಡು ಕುರಿ. ಮೊಮ್ಮಗಳು ಹತ್ತನೇ ಇಯತ್ತೆ ಪಾಸಾಗಿ ಕಾಲೇಜಿಗೆ ಹೋಗುತ್ತಿದ್ದಳು. ಒಂದು ಮುಂಜಾನೆ ಮೇವು ಕತ್ತರಿಸುವ ಯಂತ್ರಕ್ಕೆ ಜೋಳದ ಕಣಿಕೆ ಹಿಡಿಯಲು ನನ್ನ ಕೈ ಸಾಲದಾಯಿತು. ಪುಸ್ತಕ ಹಿಡಿದು ಕುಂತವಳನ್ನು ನಾನೇ ಕರೆದೆ.

"ಬಾರವ್ವ, ಒಂದೀಟು ಹಿಡಿ."

ಆ ಯಂತ್ರ ಅವಳ ಬಲಗೈಯ ನಡುವಿನ ಮೂರು ಬೆರಳು ತೆಗೆದುಕೊಂಡಿತು. ಹೆಬ್ಬೆರಳು, ಕಿರುಬೆರಳು ಉಳಿದವು.

ಗಾಯ ಮಾಯಿತು, ಆದರೆ ಪೆನ್ನು ಹಿಡಿಯಲಾಗಲಿಲ್ಲ. ಎಡಗೈಯಿಂದ ಬರೆದದ್ದನ್ನು ಅವಳೇ ಹರಿದು ಒಲೆಗೆ ಹಾಕುತ್ತಿದ್ದಳು. ಕಾಲೇಜು ಬಿಟ್ಟಳು. ಮಂದಿಯ ಮುಂದೆ ಆ ಕೈಯನ್ನು ಓಢಣಿಯೊಳಗೇ ಮುಚ್ಚಿಡುತ್ತಿದ್ದಳು. ನೀನು ಕರೆದೆಯಲ್ಲ ಎಂದು ನನಗೆ ಒಮ್ಮೆಯೂ ಅನ್ನಲಿಲ್ಲ. ಅಂದಿದ್ದರೆ ನನಗೆ ಹಗುರಾಗುತ್ತಿತ್ತು.

ನನ್ನ ಮಗ ಅವಳನ್ನು ಅಥಣಿಯ ಒಂದು ಕಂಪ್ಯೂಟರ್ ಕ್ಲಾಸಿಗೆ ಹಚ್ಚಿದ. ಅಲ್ಲಿಯ ಮಾಸ್ತರರು ಶಾಲೆಗಳ ಪ್ರಶ್ನೆಪತ್ರಿಕೆ ಟೈಪು ಮಾಡಿಕೊಡುವ ಕೆಲಸವನ್ನೂ ಮಾಡುತ್ತಿದ್ದರು. ದಸರೆಗೆ ಕ್ಲಾಸು ಮುಚ್ಚುವಾಗ ಅವರು ಇವಳಿಗೆ ಹೇಳಿದರಂತೆ: "ಮಿಷನ್ ಮನಿಗಿ ಒಯ್ಯಿ. ಹತ್ತು ಪ್ರಶ್ನೆಪತ್ರಿಕೆ ಟೈಪ್ ಮಾಡಿ, ಸೂಟಿ ಮುಗಿದ ದಿನ ತಗೊಂಡ ಬಾ. ಚೊಕ್ಕ ಬಂದ್ರ ಇಲ್ಲೇ ಕೆಲಸಕ್ಕ ಕುಂದರ್ಸತೀನಿ."

ಆ ಮಾತು ಕೇಳಿದ ಮೇಲೆ ಅವಳು ತಾಟಿನ ರೊಟ್ಟಿ ಪೂರ್ತಿ ತಿಂದಳು. ಆರು ತಿಂಗಳಲ್ಲಿ ಅದೇ ಮೊದಲು.

ನಡುಮನೆಯಲ್ಲಿ ಕಂಪ್ಯೂಟರ್ ಇಟ್ಟರು. ಎಡಗೈ ಕೀಬೋರ್ಡಿನ ಮೇಲೆ ಓಡುತ್ತಿತ್ತು. ಬಲಗೈಯ ಅಂಗೈಯನ್ನು ಮೌಸಿನ ಮೇಲೆ ಒರಗಿಸಿ ಹೆಬ್ಬೆರಳಿನಿಂದ ಒತ್ತುತ್ತಿದ್ದಳು. ಪೆನ್ನು ಒಲ್ಲೆ ಎಂದ ಕೈಯನ್ನು ಆ ಮೌಸು ಒಲ್ಲೆ ಎನ್ನಲಿಲ್ಲ.

"ಆಯಿ, ನಾ ಒತ್ತಿದ್ದು ಇದರಿಂದ ಒಳಗ ಹೊಕ್ಕೈತಿ. ಆಮ್ಯಾಲ ಅಲ್ಲಿ ಕಾಣತೈತಿ ನೋಡ," ಎಂದು ಟಿ.ವಿ.ಯಂಥ ಪರದೆಯನ್ನು ತೋರಿಸಿದಳು. "ಕಾಗದದ ಮ್ಯಾಲ ಬರಬೇಕಂದ್ರ ಪ್ರಿಂಟರ್ ಬೇಕು. ಅದು ಅಥಣ್ಯಾಗೈತಿ."

ಒಳಗೆ ಎಂದರೆ ಆ ಕೀಬೋರ್ಡಿನ ಒಳಗೇ ಎಂದು ನಾನು ತಿಳಿದೆ. ಅವಳು ಬಡಿಯುವುದು ಅದನ್ನೇ ಅಲ್ಲವೇ?

ಖಂಡೇಪೂಜೆಯ ಹಿಂದಿನ ದಿನ ಅವಳ ಕೈ ತೋರಿಸಲು ಮಗ ಅವಳನ್ನು ಡಾಕ್ಟರ ಹತ್ತಿರ ಕರೆದೊಯ್ದಿದ್ದ. ನಮ್ಮಲ್ಲಿ ಅಂದು ದುಡಿಯುವ ಸಾಮಾನನ್ನೆಲ್ಲ ತೊಳೆದು, ಮರುದಿನ ಕಂಬಳಿಯ ಮೇಲೆ ಸಾಲಾಗಿಟ್ಟು ಅರಿಶಿಣದ ಭಂಡಾರ ಹಾರಿಸುತ್ತೇವೆ. ತೊಳೆಯದ ಸಾಮಾನಿಗೆ ಪೂಜೆ ಇಲ್ಲ. ಕುಡುಗೋಲು ತೊಳೆದೆ, ಕುರ್ಪಿ ತೊಳೆದೆ, ಕುರಿಯ ಉಣ್ಣೆ ಕತ್ತರಿಸುವ ಕತ್ತರಿ ತೊಳೆದೆ. ಮೇವಿನ ಯಂತ್ರದ ಹತ್ತಿರ ಹೋಗಲಿಲ್ಲ. ಮೊಮ್ಮಗಳ ಸಾಮಾನು ನೆನಪಾಯಿತು. ಅವಳಿಗೆ ಅನ್ನ ಕೊಡುವಂಥದ್ದು ಪೂಜೆ ಇಲ್ಲದೆ ಉಳಿಯಬೇಕೇ?

ಪರದೆಯೂ ದೊಡ್ಡ ಪೆಟ್ಟಿಗೆಯೂ ಎತ್ತಲಾಗಲಿಲ್ಲ, ಒದ್ದೆ ಬಟ್ಟೆಯಿಂದ ಒರೆಸಿದೆ. ಕೀಬೋರ್ಡು, ಮೌಸು ಎರಡರ ವೈರನ್ನೂ ಜಗ್ಗಿ ತೆಗೆದು ಹಿತ್ತಲಿಗೆ ಒಯ್ದೆ. ಬಕೆಟ್ಟಿನಲ್ಲಿ ಅದ್ದಿ, ಸಬಕಾರ ಹಚ್ಚಿ, ಬ್ರಶ್ಶಿನಿಂದ ಒಂದೊಂದೇ ಅಕ್ಷರ ತಿಕ್ಕಿದೆ. ಕಪ್ಪು ನೀರು ಹರಿಯಿತು. ಎಷ್ಟು ಹೊಲಸಿತ್ತು ಎಂದು ಹಿಗ್ಗಿದೆ. ಎರಡನ್ನೂ ಬಿಸಿಲಿಗಿಟ್ಟೆ.

ಅವಳು ಬಂದು ಹಿತ್ತಲು ನೋಡಿದಳು. ಕೀಬೋರ್ಡು ಎತ್ತಿದಳು, ಮೂಲೆಯಿಂದ ನೀರು ಸುರಿಯಿತು. ಒಯ್ದು ಹಚ್ಚಿದಳು. ಮಿಷನ್ ಕುಂಯ್ ಎಂದು, ಪರದೆಯ ಮೇಲೆ ಎರಡು ಸಾಲು ತೋರಿಸಿ ನಿಂತುಬಿಟ್ಟಿತು.

"ಏನಂತೈತಿ?" ಮಗ ಕೇಳಿದ.

"ಕೀಬೋರ್ಡ್ ಸತ್ತೈತಿ ಅಂತೈತಿ, ಅಪ್ಪಾ. ಮುಂದ ಹೋಗಬೇಕಂದ್ರ ಕೀಬೋರ್ಡ್ ಒತ್ತು ಅಂತೈತಿ." ನಗಲು ಹೋದಳು, ಬಾಯಿ ಸೊಟ್ಟಗಾಯಿತು. ಕ್ಲಾಸಿಗೆ ಸೂಟಿ, ಇನ್ನೊಂದು ಕೀಬೋರ್ಡು ಎಲ್ಲಿಂದ ತರುವುದು ಎಂದು ಗೋಡೆಗೆ ಮುಖ ಮಾಡಿ ಮಲಗಿದಳು.

ಸೊಸೆ ನನ್ನ ಮುಂದೆ ಬಕೆಟ್ಟು ತಂದು ಕುಕ್ಕಿದಳು. "ತಗೋರಿ ಅತ್ತಿ, ಇನ್ನ ನಾವ್ ಮೂರ ಮಂದಿ ಉಳದೀವಿ. ನಮ್ಮನ್ನೂ ತೊಳದ ಒಣಗ ಹಾಕ್ರಿ!"

ಆಗ ಹೊಳೆಯಿತು ನನಗೆ. ಏಳು ಪ್ರಶ್ನೆಪತ್ರಿಕೆ ಮುಗಿಸಿದ್ದಳು ಅವಳು, ಒಂದೇ ಕೈಯಲ್ಲಿ. ಬಳಪದಲ್ಲಿ ಬರೆದ ಪಾಟಿ ತೊಳೆದಂತೆ ನಾನು ಎಲ್ಲವನ್ನೂ ತೊಳೆದುಬಿಟ್ಟಿದ್ದೆ. ಆ ಕಪ್ಪು ನೀರು ಅದೇ. ಮೊದಲು ಬೆರಳು ಕಳೆದೆ, ಈಗ ಬರವಣಿಗೆ ಕಳೆದೆ. ಹೌದೇ ಎಂದು ಅವಳನ್ನು ಕೇಳುವ ಧೈರ್ಯ ಆಗಲಿಲ್ಲ. ಅವಳು ಉಣ್ಣಲಿಲ್ಲ. ಮರುದಿನ ಪೂಜೆಯಲ್ಲಿ ಭಂಡಾರದ ಬಟ್ಟಲು ಹಿಡಿದು ನಿಂತೆ, ಕೈ ಮೇಲೇಳಲಿಲ್ಲ. ಯಾವ ದೇವರಿಗೆ ಏನು ಬೇಡಬೇಕೆಂದು ತಿಳಿಯಲಿಲ್ಲ. ಈ ಮನೆಯಲ್ಲಿ ನಾನು ಯಾಕೆ ಉಳಿದಿದ್ದೇನೆ ಎಂದಷ್ಟೇ ಅನಿಸಿತು.

ಬನ್ನಿ ಮುಡಿದ ಮರುದಿನ ಕೀಬೋರ್ಡನ್ನು ಸೀರೆಯಲ್ಲಿ ಸುತ್ತಿಕೊಂಡು, ಯಾರಿಗೂ ಹೇಳದೆ ಅಥಣಿಯ ಬಸ್ಸು ಹತ್ತಿದೆ. ಮಾಸ್ತರರು ಮನೆಯಲ್ಲಿದ್ದರು. ಕಾಲು ಹಿಡಿಯಲು ಬಾಗಿದೆ.

"ಏ ಆಯಿ, ಏಳ್ರಿ! ಏನಾತು?"

ಹೇಳಿದೆ. ಅವರು ಕೀಬೋರ್ಡನ್ನು ಮೂಗಿಗೆ ಹಿಡಿದರು. "ಸಬಕಾರ ಭಾರಿ ಘಮಘಮ ಅನ್ನಾಕತ್ತೈತಿ ಬಿಡ್ರಿ."

"ನಗಬ್ಯಾಡ್ರಿ ಮಾಸ್ತರ. ಹುಡುಗಿ ಬರದದ್ದೆಲ್ಲಾ ತೊಳಕೊಂಡ ಹೋತು."

ಅವರ ನಗು ನಿಂತಿತು. "ಆಯಿ, ಇದರಾಗ ಏನೂ ಇರೂದಿಲ್ರಿ. ಒಳಗ ಕಳಸೂದಷ್ಟ ಇದರ ಕೆಲಸ. ಇಟ್ಕೊಳ್ಳೂದು ಆ ದೊಡ್ಡ ಪೆಟಗಿ. ಅದನ್ನೂ ತೊಳದ್ರ್ಯಾ?"

"ಎತ್ತಾಕ ಆಗಲಿಲ್ರಿ."

"ನಿಮಗ ತಾಕತ್ತು ಕಡಿಮಿ ಕೊಟ್ಟ ದೇವರಿಗೆ ಕೈ ಮುಗೀರಿ," ಎಂದು ಕಪಾಟಿನಿಂದ ಬೇರೊಂದು ಹಳೆಯ ಕೀಬೋರ್ಡು ತೆಗೆದುಕೊಟ್ಟರು. "ಸೂಟಿ ಮುಗ್ಯಾಕ ಎರಡ ದಿನ ಐತಿ. ಹೇಳ್ರಿ ಆಕಿಗಿ."

ಬಸ್ಸಿನಲ್ಲಿ ನನಗೆ ನಂಬಿಕೆ ಬರಲಿಲ್ಲ. ಮುದುಕಿಯ ಅಳು ನಿಲ್ಲಿಸಲು ಹೇಳಿರಬೇಕು ಎಂದುಕೊಂಡೆ. ಮನೆಗೆ ಬಂದು ಮೊಮ್ಮಗಳನ್ನು ಎಬ್ಬಿಸಿದೆ. ಒಣಗಿದ ಮೌಸನ್ನೂ ಈ ಕೀಬೋರ್ಡನ್ನೂ ಹಚ್ಚಿದಳು. ಪರದೆ ಬೆಳಗಿತು. ಏಳೂ ಪ್ರಶ್ನೆಪತ್ರಿಕೆ ಒಂದರ ಹಿಂದೊಂದು ಬಂದವು. ಅವಳು ನನ್ನ ಕಡೆ ನೋಡದೆ ಎಂಟನೆಯದಕ್ಕೆ ಕೈ ಹಚ್ಚಿದಳು.

ಹತ್ತು ಮುಗಿದವು. ಕ್ಲಾಸು ತೆರೆದ ದಿನ ಮಿಷನ್ ಮರಳಿ ಒಯ್ಯುವಾಗ ನಾನೂ ಜೊತೆಗೆ ಹೋದೆ. ಪ್ರಿಂಟರಿನಿಂದ ಅಂಚಿಗೆ ತೂತಿದ್ದ ಕಾಗದ ಕರ್ರ್ ಎಂದು ಹೊರಬಂತು. ಮಾಸ್ತರರು ಕೆಂಪು ಪೆನ್ನು ಹಿಡಿದು ಓದಿದರು. ಎರಡು ಕಡೆ ಗೆರೆ ಎಳೆದರು.

"ಇವೆರಡು ತಿದ್ದು," ಎಂದು ಕುರ್ಚಿ ತೋರಿಸಿದರು. "ಇವತ್ತಿಂದ ಇದು ನಿನ್ನ ಜಾಗಾ."

ಕ್ಲಾಸಿನಲ್ಲಿ ಏಳೆಂಟು ಜನ ಹುಡುಗ ಹುಡುಗಿಯರಿದ್ದರು. ಮೊಮ್ಮಗಳು ಓಢಣಿಯ ಒಳಗಿಂದ ಬಲಗೈ ಹೊರತೆಗೆದು, ಎಲ್ಲರೂ ನೋಡುತ್ತಿರುವಾಗಲೇ ಮೌಸಿನ ಮೇಲೆ ಇಟ್ಟಳು. ಅದನ್ನು ನೋಡಿ ನಿಲ್ಲಲು ನನ್ನಿಂದ ಆಗಲಿಲ್ಲ. ಹೊರಗೆ ಮೆಟ್ಟಿಲ ಮೇಲೆ ಹೋಗಿ ಕುಂತು, ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ.